ನೂರು ಮಂದಿಗೆ ಶಿಬಿರವೋ, ಹನ್ನೆರಡು ಮಂದಿಗೆ ಮೂರು ವರ್ಷವೋ?

ಪ್ರಶ್ನೆ: ನಮ್ಮದು ಬೆಂಗಳೂರಿನ ಜಯನಗರದ ಒಂದು ಸಣ್ಣ ಟ್ರಸ್ಟ್. ವರ್ಷಕ್ಕೆ 20 ಲಕ್ಷದಂತೆ ಮೂರು ವರ್ಷಕ್ಕೆ 60 ಲಕ್ಷ ರೂಪಾಯಿ ತೆಗೆದಿಟ್ಟಿದ್ದೇವೆ. ಸರ್ಕಾರಿ ಕಾಲೇಜುಗಳ ಮಕ್ಕಳು, ಕಲ್ಯಾಣ ಕರ್ನಾಟಕದವರು, ಪರಿಶಿಷ್ಟ ಜಾತಿ-ಪಂಗಡದವರು, ಹಳ್ಳಿಯ ಹೆಣ್ಣುಮಕ್ಕಳು ಕ್ಯಾನ್ಸರ್ ಸಂಶೋಧನೆಗೆ ಬರಬೇಕೆಂಬುದು ಆಸೆ. ವರ್ಷಕ್ಕೆ ನೂರು ವಿದ್ಯಾರ್ಥಿಗಳಿಗೆ ಎರಡು ವಾರದ ಕಾರ್ಯಾಗಾರ ಮಾಡಿಸೋಣ ಎಂದುಕೊಂಡಿದ್ದೇವೆ. ಇದು ಸರಿಯೇ? ಯಾರನ್ನು ಆರಿಸಬೇಕು, ಎಲ್ಲಿ ಸೇರಿಸಬೇಕು, ತಲೆಗೆಷ್ಟು ಖರ್ಚು? ಅಮೆರಿಕದಲ್ಲಿರುವ ನೆಂಟರೂ ಪರಿಚಯದ ಕಂಪನಿಯೊಂದೂ ಕೈಜೋಡಿಸುವುದಾಗಿ ಹೇಳಿದ್ದಾರೆ. ಅದನ್ನು ತೆಗೆದುಕೊಳ್ಳಬಹುದೇ?

ಉತ್ತರ: ನೂರು ಮಂದಿಯ ಆಲೋಚನೆ ಕೈಬಿಡಿ. 60 ಲಕ್ಷಕ್ಕೆ ಹನ್ನೆರಡು ವಿದ್ಯಾರ್ಥಿಗಳು, ಅದೂ ಮೊದಲು ಎಂಟು, ಆಮೇಲೆ ನಾಲ್ವರ ಎರಡು ತಂಡಗಳಲ್ಲಿ, ಎಂಬುದು ನಮ್ಮ ಲೆಕ್ಕ. ಟ್ರಸ್ಟಿಗಳ ಸಭೆಯಲ್ಲಿ ಈ ಸಂಖ್ಯೆ ಸಪ್ಪೆ ಅನ್ನಿಸುತ್ತದೆ, ಗೊತ್ತು. ಆದರೆ ಎರಡು ವಾರದ ಶಿಬಿರವೆಂದರೆ ಮೂಗಿಗೆ ತುಪ್ಪ ಸವರುವ ಕೆಲಸ. ಪಿಪೆಟ್ ಹಿಡಿದ ಒಂದು ಫೋಟೊ, ಒಂದು ಸರ್ಟಿಫಿಕೇಟ್, ಅಲ್ಲಿಗೆ ಮುಗಿಯಿತು. ರಾಯಚೂರು ಜಿಲ್ಲೆಯ ಸರ್ಕಾರಿ ಕಾಲೇಜಿನ ಬಿ.ಎಸ್ಸಿ. ಹುಡುಗಿ ಪಿಎಚ್‌.ಡಿ.ವರೆಗೆ ಬಾರದೆ ಉಳಿಯುವುದು ಆಸಕ್ತಿ ಇಲ್ಲದ್ದರಿಂದ ಅಲ್ಲ. ಯಾವ ಪ್ರವೇಶ ಪರೀಕ್ಷೆಗೆ ಯಾವಾಗ ಅರ್ಜಿ ಹಾಕಬೇಕೆಂದು ಕೊನೆಯ ವರ್ಷದಲ್ಲಿ ಹೇಳುವವರಿಲ್ಲದೆ ಒಮ್ಮೆ ಕೈತಪ್ಪುತ್ತದೆ. ಪದವಿ ಮುಗಿದು ಎಂ.ಎಸ್ಸಿ. ಸೀಟು ಸಿಗುವವರೆಗಿನ ಖಾಲಿ ತಿಂಗಳುಗಳಲ್ಲಿ ಮನೆಯಲ್ಲಿ ಬಿ.ಎಡ್. ಇಲ್ಲವೇ ಮದುವೆಯ ಮಾತು ಬಂದು ಇನ್ನೊಮ್ಮೆ. ಬೆಂಗಳೂರಿಗೆ ಬಂದು ಲ್ಯಾಬ್ ಸೇರಿದ ಮೇಲೂ ಸ್ಟೈಪೆಂಡ್ ಮೂರು ತಿಂಗಳು ತಡವಾಗಿ, ಪಿಜಿ ಬಾಡಿಗೆ ಕಟ್ಟಲಾಗದೆ ಮತ್ತೊಮ್ಮೆ. ನಿಮ್ಮ ಹಣ ಬೀಳಬೇಕಾದ್ದು ಈ ಮೂರು ಕಡೆ.

ಇದೇನು ಹೊಸ ಶೋಧವಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ‘ಕ್ಯೂರ್’ ಎಂಬ ಕಾರ್ಯಕ್ರಮ ಶುರು ಮಾಡಿದಾಗ ಹಿಡಿದ ದಾರಿಯೂ ಇದೇ: ಕಡಿಮೆ ಪ್ರಾತಿನಿಧ್ಯವಿರುವ ಸಮುದಾಯದ ವಿದ್ಯಾರ್ಥಿಗೆ ಶಾಲೆ-ಕಾಲೇಜಿನಿಂದ ಹಿಡಿದು ಸ್ವತಂತ್ರ ಸಂಶೋಧಕನಾಗುವವರೆಗೆ ಹಂತ ಹಂತವಾಗಿ ನೆರವು. ಅಲ್ಲಿಂದ ಎರಡು ಪಾಠ ತೆಗೆದುಕೊಳ್ಳಬಹುದು. ಮೊದಲನೆಯದು, ಹೊಸ ಲ್ಯಾಬ್ ಕಟ್ಟುವ ಬದಲು ಈಗಾಗಲೇ ಸಂಶೋಧನಾ ಅನುದಾನ ಇರುವ ವಿಜ್ಞಾನಿಗೆ ‘ಒಬ್ಬ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳಿ, ಅವರ ಖರ್ಚು ನಮ್ಮದು’ ಎಂದು ಮೇಲುಹಣ ಕೊಡುವ ಪದ್ಧತಿ. ಸಣ್ಣ ಟ್ರಸ್ಟಿಗೆ ಇದು ಹೇಳಿ ಮಾಡಿಸಿದಂತಿದೆ. ಎರಡನೆಯದು ಎಚ್ಚರಿಕೆ. 2025ರಲ್ಲಿ ಅಲ್ಲಿನ ಸರ್ಕಾರದ ನೀತಿ ಬದಲಾದಾಗ ವೈವಿಧ್ಯದ ಹೆಸರು ಹೊತ್ತ ಅನೇಕ ಅನುದಾನಗಳು ನಡುದಾರಿಯಲ್ಲೇ ನಿಂತವು. ಒಬ್ಬ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವ ದಿನವೇ ಅವರ ಕೊನೆಯ ವರ್ಷದ ಹಣವೂ ಬ್ಯಾಂಕಿನಲ್ಲಿರಬೇಕು. ಮುಂದಿನ ವರ್ಷ ದಾನಿ ಸಿಗಬಹುದು ಎಂಬ ಭರವಸೆಯ ಮೇಲೆ ಯಾರನ್ನೂ ಊರಿನಿಂದ ಕರೆಸಬೇಡಿ.

ಬೇರೆ ಬೇರೆ ಸಮುದಾಯದವರೇ ಏಕೆ ಎಂದು ಕಂಪನಿಯವರು ಕೇಳೇ ಕೇಳುತ್ತಾರೆ. ಸಾಮಾಜಿಕ ನ್ಯಾಯದ ಉತ್ತರ ಸರಿಯಾದದ್ದೇ. ಅದರ ಜೊತೆಗೆ ವಿಜ್ಞಾನದ ಉತ್ತರವೂ ಇದೆ. ಮಕ್ಕಳ ರಕ್ತ ಕ್ಯಾನ್ಸರ್‌ಗೆ ಕೊಡುವ ಮರ್ಕ್ಯಾಪ್ಟೋಪ್ಯೂರಿನ್ ಮಾತ್ರೆಯ ಪ್ರಮಾಣವನ್ನು ಟಿಪಿಎಂಟಿ ಎಂಬ ಜೀನ್ ನೋಡಿ ಹೊಂದಿಸುವ ಪದ್ಧತಿ ಬೆಳೆದದ್ದು ಬಹುಪಾಲು ಐರೋಪ್ಯ ಮೂಲದ ರೋಗಿಗಳ ಅಧ್ಯಯನದಿಂದ. ಏಷ್ಯಾದ ಅನೇಕರಲ್ಲಿ ಈ ಔಷಧಿಗೆ ಬಿಳಿ ರಕ್ತಕಣ ಕುಸಿಯಲು ಎನ್‌ಯುಡಿಟಿ15 ಎಂಬ ಬೇರೆಯೇ ಜೀನ್‌ನ ವ್ಯತ್ಯಾಸ ಕಾರಣ ಎಂಬುದು ಬೆಳಕಿಗೆ ಬಂದದ್ದು 2014ರಲ್ಲಿ, ಕೊರಿಯಾದಲ್ಲಿ ಇದೇ ಗುಂಪಿನ ಔಷಧಿ ಪಡೆಯುತ್ತಿದ್ದ ಕರುಳಿನ ಉರಿಯೂತದ ರೋಗಿಗಳ ಅಧ್ಯಯನದಿಂದ. ಸಂಶೋಧಕರ ಜಾತಿ-ಊರು ನೋಡಿ ಜೀನ್ ಬದಲಾಗುವುದಿಲ್ಲ, ನಿಜ. ಆದರೆ ಯಾರ ರಕ್ತದ ಮಾದರಿ ಸಂಗ್ರಹವಾಗುತ್ತದೆ, ಯಾವ ಪ್ರಶ್ನೆ ಮುಂದೆ ಬರುತ್ತದೆ, ಒಪ್ಪಿಗೆ ಪತ್ರವನ್ನು ಎದುರಿಗಿರುವವರಿಗೆ ಯಾರು ವಿವರಿಸುತ್ತಾರೆ ಎಂಬುದೆಲ್ಲ ಲ್ಯಾಬಿನೊಳಗೆ ಯಾರಿದ್ದಾರೆ ಎನ್ನುವುದರ ಮೇಲೆ ನಿಂತಿದೆ. 2022ರಲ್ಲಿ ದೇಶದಲ್ಲಿ ಅಂದಾಜು 14.6 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣಗಳಿದ್ದವು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕ. ಅವರೆಲ್ಲ ಮಹಾನಗರದವರಲ್ಲ.

ಇನ್ನು ಯಾರಿಗೆ ಖರ್ಚು ಮಾಡಬಾರದು ಎಂಬುದನ್ನು ಮೊದಲು ತೀರ್ಮಾನಿಸಿ. ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳಿಗೆ ಐಸಿಎಂಆರ್‌ನ ಅಲ್ಪಾವಧಿ ಸಂಶೋಧನಾ ವಿದ್ಯಾರ್ಥಿವೇತನ 1979ರಿಂದಲೂ ಇದೆ. ಎರಡು ತಿಂಗಳಿಗೆ 50,000 ರೂಪಾಯಿ. ಪಿಎಚ್‌.ಡಿ. ಹಂತದಲ್ಲೂ ಸಾರ್ವಜನಿಕ ಹಣ ಸಾಕಷ್ಟಿದೆ: ಕೇಂದ್ರದ ಸಿಎಸ್‌ಐಆರ್, ಯುಜಿಸಿ, ಐಸಿಎಂಆರ್, ಡಿಬಿಟಿ ಸಂಸ್ಥೆಗಳ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ಮತ್ತು ಮನೆಬಾಡಿಗೆ ಭತ್ಯೆ, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್, ಕರ್ನಾಟಕದವರಿಗೆ ರಾಜ್ಯದ ವಿಜ್ಞಾನ ಸಂಸ್ಥೆ ಕೆಸ್ಟೆಪ್ಸ್ ಕೊಡುವ ಫೆಲೋಶಿಪ್. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಮಾತ್ರ 2022-23ರಿಂದ ಹೊಸಬರಿಗೆ ನಿಂತಿದೆ. ಕಂದರ ಇರುವುದು ಅದಕ್ಕೂ ಕೆಳಗೆ. ಪದವಿ ಮಟ್ಟದಲ್ಲಿ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ಇದ್ದರೂ ಮುಖ್ಯವಾಗಿ 12ನೇ ತರಗತಿಯಲ್ಲಿ ತಮ್ಮ ಬೋರ್ಡಿನ ಮೊದಲ ಶೇ. 1ರೊಳಗೆ ಬಂದವರಿಗೆ ಸಿಗುವಂಥದ್ದು. ನೀವು ಹುಡುಕುತ್ತಿರುವ ಮಕ್ಕಳು ಬಹಳಷ್ಟು ಸಲ ಆ ಪಟ್ಟಿಯಲ್ಲಿರುವುದಿಲ್ಲ. ಹಾಗಾಗಿ ಮೂರು ಹಂತ ಇಟ್ಟುಕೊಳ್ಳಿ: ಎಂಟು ವಾರ ಲ್ಯಾಬಿನಲ್ಲಿ, ಆಮೇಲೆ ಪದವಿಯ ಕೊನೆಯ ವರ್ಷದ ನೆರವು, ಬೇಕಾದವರಿಗೆ ಪದವಿಯ ನಂತರ ಒಂದು ವರ್ಷ. ನಿಮ್ಮ ಜಾಗ ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರಿನಿಂದ ಎಂ.ಎಸ್ಸಿ. ಅಥವಾ ಪಿಎಚ್‌.ಡಿ. ಬಾಗಿಲಿನವರೆಗೆ.

ಬಯೋಟೆಕ್ನಾಲಜಿಯವರಿಗೆ ಮಾತ್ರ ಎಂದು ಬೇಲಿ ಹಾಕಬೇಡಿ. ಕ್ಯಾನ್ಸರ್ ಸಂಶೋಧನೆಗೆ ಸಂಖ್ಯಾಶಾಸ್ತ್ರ, ಕಂಪ್ಯೂಟರ್ ವಿಜ್ಞಾನ, ನರ್ಸಿಂಗ್, ಪ್ರಯೋಗಾಲಯ ತಂತ್ರಜ್ಞಾನ, ಸಮಾಜಕಾರ್ಯ ಎಲ್ಲ ಬೇಕು. ನಿಜ ಹೇಳಬೇಕೆಂದರೆ ಆಸ್ಪತ್ರೆಗಳಲ್ಲಿ ಒಳ್ಳೆಯ ಬಯೋಸ್ಟ್ಯಾಟಿಸ್ಟಿಕ್ಸ್ ಬಲ್ಲವರ ಕೊರತೆಯೇ ಹೆಚ್ಚು.

ಆಯ್ಕೆಗೆ ಅಂಕಪಟ್ಟಿಯನ್ನೇ ಹಿಡಿದರೆ ಫಲ ಗೊತ್ತಿದ್ದದ್ದೇ: ಬೆಂಗಳೂರಿನ ನಾಲ್ಕೈದು ಹೆಸರಾಂತ ಕಾಲೇಜುಗಳ ಮಕ್ಕಳೇ ಎಲ್ಲ ಜಾಗ ತುಂಬುತ್ತಾರೆ. ಜಾತಿ ಪ್ರಮಾಣಪತ್ರವೊಂದನ್ನೇ ಹಿಡಿದರೂ ಅಷ್ಟೇ, ಅದೇ ಕಾಲೇಜುಗಳ ಮೀಸಲು ವರ್ಗದ ಮಕ್ಕಳು ಬರುತ್ತಾರೆ. ಮನೆಯಲ್ಲಿ ಪದವಿ ಓದುತ್ತಿರುವ ಮೊದಲಿಗರೇ, ಪ್ರೌಢಶಾಲೆ ಸರ್ಕಾರಿಯೇ, ಕಾಲೇಜು ತಾಲ್ಲೂಕು ಮಟ್ಟದ್ದೇ, ಕುಟುಂಬದ ಆದಾಯ ಎಷ್ಟು, ಸಮುದಾಯ ಯಾವುದು ಎಂಬ ಐದನ್ನೂ ಸೇರಿಸಿ ತೂಗಿ. ಬೆಂಗಳೂರು ನಗರ ಜಿಲ್ಲೆಯವರಿಗೆ ಎಂಟರಲ್ಲಿ ಎರಡು ಜಾಗ ಮೀರದಿರಲಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗಳಿಗೆ ಕನಿಷ್ಠ ಮೂರು ಇರಲಿ. ಸೋಲಿಗ, ಜೇನುಕುರುಬ, ಕೊರಗ, ಸಿದ್ದಿ ಸಮುದಾಯಗಳ ವಿದ್ಯಾರ್ಥಿಗಳು ಜಾಹೀರಾತು ನೋಡಿ ಅರ್ಜಿ ಹಾಕುತ್ತಾರೆಂದು ಕೂತರೆ ಆಗದು. ಚಾಮರಾಜನಗರ, ಮೈಸೂರು, ಉಡುಪಿ, ಉತ್ತರ ಕನ್ನಡದ ಸರ್ಕಾರಿ ಕಾಲೇಜುಗಳ ಉಪನ್ಯಾಸಕರಿಗೆ ನೇರವಾಗಿ ಫೋನ್ ಮಾಡಬೇಕು.

ಅರ್ಜಿ ಎರಡು ಪುಟ ಮೀರದಿರಲಿ, ಕನ್ನಡದಲ್ಲೂ ತುಂಬಬಹುದು ಎಂದು ಮೇಲ್ಗಡೆಯೇ ಬರೆಯಿರಿ. ಶುಲ್ಕ ಬೇಡ. ದಾಖಲೆಗಳ ಜೆರಾಕ್ಸ್, ಗೆಜೆಟೆಡ್ ಅಧಿಕಾರಿಯ ಸಹಿ ಬೇಡ. ನಾಡಕಚೇರಿ ಕೊಟ್ಟ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿನ ಆರ್‌ಡಿ ಸಂಖ್ಯೆ ಸಾಕು, ಆನ್‌ಲೈನಿನಲ್ಲಿ ತಾಳೆ ನೋಡಬಹುದು. ಪ್ರಬಂಧ ಬರೆಸಿದರೆ ಈಗ ಬರುವುದು ಮೊಬೈಲು ಬರೆದ ಪ್ರಬಂಧ. ಅದರ ಬದಲು ಒಂದು ಸಣ್ಣ ಕೋಷ್ಟಕ ಕೊಡಿ: ಒಂದು ಆಸ್ಪತ್ರೆಗೆ ಬಂದ ಬಾಯಿ ಕ್ಯಾನ್ಸರ್ ರೋಗಿಗಳ ವಯಸ್ಸು, ಲಿಂಗ, ರೋಗದ ಹಂತ, ಊರಿನ ದೂರ. ಇಪ್ಪತ್ತು ನಿಮಿಷ ಫೋನಿನಲ್ಲಿ, ಅವರಿಗೆ ಒಗ್ಗುವ ಕನ್ನಡದಲ್ಲಿ, ‘ಇದನ್ನು ನೋಡಿದರೆ ನಿಮಗೆ ಏನು ಕೇಳಬೇಕು ಅನ್ನಿಸುತ್ತದೆ?’ ಎಂದು ಕೇಳಿ. ‘ದೂರದವರು ತಡವಾಗಿ ಬಂದಿದ್ದಾರೆ ಅನ್ನಿಸುತ್ತೆ, ಆದರೆ ದೂರದಿಂದ ಬಂದವರೇ ಕಡಿಮೆ ಇದ್ದಾರಲ್ಲ, ಉಳಿದವರು ಎಲ್ಲಿಗೆ ಹೋದರು?’ ಎಂದು ಕೇಳುವ ವಿದ್ಯಾರ್ಥಿ ಶೇ. 55 ಅಂಕದವರಾದರೂ ಆರಿಸಿಕೊಳ್ಳಿ. ಪಟ್ಟಿಯಲ್ಲಿ ಕಾಣದವರ ಬಗ್ಗೆ ಯೋಚಿಸುವುದನ್ನು ಕಲಿಸುವುದು ಕಷ್ಟ; ಪಿಪೆಟ್ ಹಿಡಿಯುವುದನ್ನು ಎರಡು ದಿನದಲ್ಲಿ ಕಲಿಸಬಹುದು.

ಎಲ್ಲಿ ಸೇರಿಸಬೇಕೆಂಬ ವಿಷಯದಲ್ಲಿ ಬೆಂಗಳೂರಿನಷ್ಟು ಅನುಕೂಲ ಬೇರೆ ಊರಿಗೆ ಕಡಿಮೆ. ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ, ಜಿಕೆವಿಕೆ ಆವರಣದ ಜೀವವಿಜ್ಞಾನ ಸಂಸ್ಥೆಗಳಾದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ, ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಎಲೆಕ್ಟ್ರಾನಿಕ್ ಸಿಟಿಯ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆ ಐಬಿಎಬಿ, ಐಸಿಎಂಆರ್‌ನ ರೋಗ ಮಾಹಿತಿ ಕೇಂದ್ರ ಎಲ್ಲವೂ ಒಂದೇ ನಗರದಲ್ಲಿವೆ. ಸಂಸ್ಥೆಯ ಹೆಸರಿಗಿಂತ ವಿಜ್ಞಾನಿ ಯಾರು, ಅದಕ್ಕಿಂತ ಮುಖ್ಯವಾಗಿ ದಿನನಿತ್ಯ ಪಕ್ಕದಲ್ಲಿ ನಿಂತು ಕಲಿಸುವ ಪಿಎಚ್‌.ಡಿ. ವಿದ್ಯಾರ್ಥಿ ಯಾರು ಎಂದು ವಿಚಾರಿಸಿ. ಲ್ಯಾಬಿನ ಮುಖ್ಯಸ್ಥರು ವಾರಕ್ಕೊಮ್ಮೆ ಸಿಕ್ಕರೆ ಹೆಚ್ಚು. ಈ ಪಿಎಚ್‌.ಡಿ. ವಿದ್ಯಾರ್ಥಿಯ ಎಂಟು ವಾರ ಹೋಗುತ್ತದೆ, ಅವರ ಸ್ವಂತ ಕೆಲಸ ಹಿಂದೆ ಬೀಳುತ್ತದೆ. ಅವರಿಗೆ ಏನೂ ಇಲ್ಲವೆಂದರೆ ಬೇಸರದಿಂದಲೇ ಕಲಿಸುತ್ತಾರೆ. ಫೆಲೋಶಿಪ್ ಪಡೆಯುವವರಿಗೆ ಬೇರೆ ಸಂಭಾವನೆ ಕೊಡಲು ನಿಯಮಗಳು ಸಾಮಾನ್ಯವಾಗಿ ಬಿಡುವುದಿಲ್ಲ, ಹಾಗಾಗಿ ಪುಸ್ತಕ ಅಥವಾ ಸಮ್ಮೇಳನದ ಪ್ರಯಾಣ ವೆಚ್ಚವಾಗಿ ಸಂಸ್ಥೆಯ ಮೂಲಕ ಕೊಡಿ.

ಎಂಟು ವಾರದಲ್ಲಿ ಏನು ಮಾಡಲು ಸಾಧ್ಯ, ಏನು ಅಸಾಧ್ಯ ಎಂಬ ಅಂದಾಜು ತಪ್ಪಿದಲ್ಲೇ ಬಹಳಷ್ಟು ಕಾರ್ಯಕ್ರಮಗಳು ಎಡವುತ್ತವೆ. ಇಲಿಯ ಮೇಲಿನ ಪ್ರಯೋಗ ಬೇಡ. ಅನುಮತಿಗೇ ಬೇಸಿಗೆ ಕಳೆಯುತ್ತದೆ. ಆಮದಾಗಬೇಕಾದ ಆ್ಯಂಟಿಬಾಡಿ ನೆಚ್ಚಿಕೊಂಡ ಯೋಜನೆಯೂ ಬೇಡ. ಆರೇಳು ವಾರ ಸಾಗಣೆಯಲ್ಲೇ ಹೋದರೆ ವಿದ್ಯಾರ್ಥಿ ಟ್ಯೂಬ್ ತೊಳೆದುಕೊಂಡು ಕೂರಬೇಕಾಗುತ್ತದೆ. ಕೋಶಗಳನ್ನು ಬೆಳೆಸುವುದು ಕಲಿಯಲು ಒಳ್ಳೆಯದೇ, ಆದರೆ ಹೊಸಬರ ಕೈಯಲ್ಲಿ ಫಂಗಸ್ಸೋ ಮೈಕೋಪ್ಲಾಸ್ಮವೋ ಬಂದು ಒಂದು ತಂಡ ಕೋಶ ಹಾಳಾದರೆ ಹದಿನೈದು ದಿನ ಹೋದಂತೆಯೇ. ಪ್ರಶ್ನೆ ಪೂರ್ತಿ ಅದರ ಮೇಲೆ ನಿಲ್ಲದಿರಲಿ. ಮಾಡಬಹುದಾದವೂ ಇವೆ. ಈಗಾಗಲೇ ಬಣ್ಣ ಹಾಕಿಟ್ಟ ಸ್ತನ ಕ್ಯಾನ್ಸರ್ ಸ್ಲೈಡುಗಳನ್ನು ಓದಿ, ಅನುಭವಿ ಪೆಥಾಲಜಿಸ್ಟರ ಅಂಕದೊಂದಿಗೆ ಹೋಲಿಸುವುದು. ಸಾರ್ವಜನಿಕವಾಗಿ ಲಭ್ಯವಿರುವ ಟಿಸಿಜಿಎ ಎಂಬ ಕ್ಯಾನ್ಸರ್ ಜೀನ್‌ಗಳ ದತ್ತಾಂಶದಲ್ಲಿ ಒಂದು ಜೀನ್ ಹಿಡಿದು ವಿಶ್ಲೇಷಿಸುವುದು. ಆಸ್ಪತ್ರೆಯ ಹಳೆಯ ಕಡತಗಳಿಂದ ಚಿಕಿತ್ಸೆ ನಡುವೆ ಬಿಟ್ಟುಹೋದವರ ವಿವರ ತೆಗೆಯುವುದು ಇವೆಲ್ಲ ಎಂಟು ವಾರಕ್ಕೆ ಕೂಡುತ್ತವೆ. ಎರಡು ವಾರ ತಂತ್ರ ಕಲಿಕೆ, ಐದು ವಾರ ಒಂದೇ ಒಂದು ಪ್ರಶ್ನೆ, ಕೊನೆಯ ವಾರ ಬರವಣಿಗೆ.

ನಮ್ಮನ್ನು ಕೇಳಿದರೆ ಎಂಟರಲ್ಲಿ ಇಬ್ಬರನ್ನಾದರೂ ಕ್ಯಾನ್ಸರ್ ನೋಂದಣಿಯ, ಅಂದರೆ ಒಂದು ಪ್ರದೇಶದ ಪ್ರತಿ ಹೊಸ ಪ್ರಕರಣವನ್ನೂ ದಾಖಲಿಸುವ ಕೆಲಸಕ್ಕೆ ಹಾಕಿ. ಬೆಂಗಳೂರಿನ ಜನಸಂಖ್ಯೆ ಆಧಾರಿತ ನೋಂದಣಿ 1980ರ ದಶಕದ ಆರಂಭದಿಂದ ಕಿದ್ವಾಯಿಯಲ್ಲಿ ನಡೆದುಕೊಂಡು ಬಂದಿದೆ. ಹೊರಗಿನವರಿಗೆ ಇದು ಗುಮಾಸ್ತಿಕೆಯಂತೆ ಕಾಣುತ್ತದೆ, ಅಸಲಿಗೆ ಬಹಳ ಸೂಕ್ಷ್ಮದ ಕೆಲಸ. ಕಡತ ಬಿಡಿಸಿದರೆ ಬಯಾಪ್ಸಿ ವರದಿಯಲ್ಲಿ ‘ಬಲಗೆನ್ನೆಯ ಒಳಭಾಗ, ಸ್ಕ್ವಾಮಸ್ ಸೆಲ್ ಕಾರ್ಸಿನೋಮ’ ಎಂದಿರುತ್ತದೆ. ಅಂತರರಾಷ್ಟ್ರೀಯ ಸಂಕೇತದಲ್ಲಿ ಜಾಗಕ್ಕೆ ಸಿ06.0, ಗಡ್ಡೆಯ ಬಗೆಗೆ 8070/3 ಎಂದು ನಮೂದಿಸಬೇಕು; ಕೊನೆಯ 3 ಎಂದರೆ ಅದು ಹುಟ್ಟಿದ ಜಾಗದಲ್ಲೇ ಸುತ್ತಲ ಅಂಗಾಂಶಕ್ಕೆ ನುಗ್ಗಿರುವ ಕ್ಯಾನ್ಸರ್. 3ರ ಜಾಗದಲ್ಲಿ 2 ಬಿದ್ದರೆ ಇನ್ನೂ ನುಗ್ಗದ, ಮೇಲ್ಪದರದ್ದೇ ಆದ ಗಡ್ಡೆ ಎಂದಾಗಿ ಆ ರೋಗಿ ಲೆಕ್ಕದಿಂದಲೇ ಜಾರಬಹುದು. ಅದಕ್ಕೂ ದೊಡ್ಡ ತಲೆನೋವು ಒಬ್ಬರೇ ಎರಡು ಸಲ ಎಣಿಕೆಯಾಗುವುದು. ಒಂದು ಆಸ್ಪತ್ರೆಯಲ್ಲಿ ಈರಮ್ಮ, 45 ವರ್ಷ. ಇನ್ನೊಂದರಲ್ಲಿ ವೀರಮ್ಮ, 50 ವರ್ಷ. ಒಂದರಲ್ಲಿ ಗಂಡನ ಹೆಸರು, ಇನ್ನೊಂದರಲ್ಲಿ ತಂದೆಯದು. ವಿಳಾಸದಲ್ಲಿ ಒಂದು ಕಡೆ ಹೋಬಳಿ, ಇನ್ನೊಂದು ಕಡೆ ತಾಲ್ಲೂಕು. ಇಬ್ಬರೂ ಒಬ್ಬರೇ ಇರಬಹುದು ಎಂಬ ಅನುಮಾನ ಕಂಪ್ಯೂಟರಿಗೆ ಸುಲಭವಾಗಿ ಬರುವುದಿಲ್ಲ. ಆ ಕಡೆಯ ಹಳ್ಳಿಯಲ್ಲಿ ಬೆಳೆದವರಿಗೆ ತಟ್ಟನೆ ಬರುತ್ತದೆ. ನೀವು ಕರೆತರುವ ವಿದ್ಯಾರ್ಥಿ ಮೊದಲ ವಾರದಲ್ಲೇ ಲ್ಯಾಬಿನ ಉಳಿದವರಿಗಿಂತ ಮುಂದಿರುವ ಜಾಗ ಇದು. ಆತ್ಮವಿಶ್ವಾಸದ ಬಗ್ಗೆ ಭಾಷಣ ಮಾಡಿಸುವುದಕ್ಕಿಂತ ಇದು ಮೇಲು.

ಆಸ್ಪತ್ರೆಯ ಕಡತ, ಮಾದರಿ ಮುಟ್ಟುವ ಯಾವ ಕೆಲಸಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅದಕ್ಕೆ ಎರಡು ಮೂರು ತಿಂಗಳು ಹಿಡಿಯುವುದು ಮಾಮೂಲು. ವಿದ್ಯಾರ್ಥಿ ಬಂದ ಮೇಲೆ ಹೊಸ ಅರ್ಜಿ ಹಾಕಿದರೆ ಒಪ್ಪಿಗೆ ಬರುವ ಹೊತ್ತಿಗೆ ಅವರು ಊರಿಗೆ ಹೋಗಿರುತ್ತಾರೆ. ಆಗಲೇ ಒಪ್ಪಿಗೆ ಪಡೆದ ಅಧ್ಯಯನಕ್ಕೆ ತಿದ್ದುಪಡಿ ಮೂಲಕ ಅವರ ಹೆಸರು ಸೇರಿಸುವಂತೆ ಫೆಬ್ರುವರಿಯಲ್ಲೇ ವಿಜ್ಞಾನಿಯಿಂದ ಮಾತು ತೆಗೆದುಕೊಳ್ಳಿ. ಹೆಸರು, ಫೋನ್ ನಂಬರ್ ತೆಗೆದ ದತ್ತಾಂಶ ಮಾತ್ರ ಅವರ ಕೈಗೆ ಬರಲಿ. ನೋಂದಣಿಯಂಥ ಕೆಲಸದಲ್ಲಿ ಹೆಸರು ಬೇಕೇ ಬೇಕಾದರೆ ಗೋಪ್ಯತೆಯ ಪತ್ರಕ್ಕೆ ಸಹಿ ಹಾಕಿ, ಸಂಸ್ಥೆಯ ಕಂಪ್ಯೂಟರಿನಲ್ಲೇ ಕೂತು ಮಾಡಲಿ. ರಕ್ತ ಅಥವಾ ಅಂಗಾಂಶ ಮುಟ್ಟುವವರಿಗೆ ಹೆಪಟೈಟಿಸ್ ಬಿ ಲಸಿಕೆ ಕಡ್ಡಾಯ. ಅದು 0, 1 ಮತ್ತು 6ನೇ ತಿಂಗಳ ಮೂರು ಡೋಸ್. ಬೇಸಿಗೆಗೆ ಬರುವವರಿಗೆ ಮೊದಲೆರಡು ಡೋಸ್ ಊರಲ್ಲೇ ಆಗಿರಬೇಕೆಂದರೆ ಮಾರ್ಚ್ ದಾಟುವಂತಿಲ್ಲ. ಮೂರೂ ಆಗಿ, ರಕ್ತದಲ್ಲಿ ಪ್ರತಿಕಾಯದ ಮಟ್ಟ ಲೀಟರಿಗೆ 10 ಅಂತರರಾಷ್ಟ್ರೀಯ ಯೂನಿಟ್ ಮುಟ್ಟಿದ್ದು ಖಾತ್ರಿಯಾಗುವವರೆಗೆ ಸೂಜಿ, ಬ್ಲೇಡಿನ ಕೆಲಸಕ್ಕೆ ಬಿಡಬೇಡಿ.

ದಿನಾಂಕದ ವಿಷಯ. ಕರ್ನಾಟಕದ ವಿಶ್ವವಿದ್ಯಾಲಯಗಳ ಸಮ ಸೆಮಿಸ್ಟರ್ ಪರೀಕ್ಷೆಗಳು ಒಂದೊಂದು ಕಡೆ ಒಂದೊಂದು ತಿಂಗಳು, ಹೇಳಿದ ದಿನಕ್ಕೆ ನಡೆಯುವುದೂ ಖಾತ್ರಿಯಿಲ್ಲ. ಮೇ 15ರಿಂದ ಜುಲೈ 10 ಎಂದು ಕಲ್ಲಿನಲ್ಲಿ ಕೆತ್ತಿದರೆ ದೂರದ ವಿಶ್ವವಿದ್ಯಾಲಯಗಳ ಮಕ್ಕಳೇ ಹೊರಗುಳಿಯುತ್ತಾರೆ. ಮೇಯಿಂದ ಆಗಸ್ಟ್ ನಡುವೆ ಯಾವ ಸೋಮವಾರವಾದರೂ ಶುರು ಮಾಡಬಹುದು ಎಂದಿಡಿ. ಅಂಕಪಟ್ಟಿ ಬಂದಿಲ್ಲವೆಂದು ಅರ್ಜಿ ತಳ್ಳಬೇಡಿ.

ಈಗ ಹಣ. ಕೆಳಗಿನದು ಬೆಂಗಳೂರಿನ ಸದ್ಯದ ದರಕ್ಕೆ ಹೊಂದಿಸಿದ ನಮ್ಮ ಅಂದಾಜು, ಏರುಪೇರು ನೋಡಿಕೊಳ್ಳಿ.

ಮೊದಲ ಹಂತ, ಎಂಟು ವಾರ: ಸ್ಟೈಪೆಂಡ್ 30,000, ಊಟ-ವಸತಿ 24,000, ಊರಿನ ಪ್ರಯಾಣ, ಬಸ್ಸು-ಮೆಟ್ರೊ 5,000, ಲ್ಯಾಬಿನ ಸಾಮಗ್ರಿ 25,000, ಕಲಿಸುವ ಪಿಎಚ್‌.ಡಿ. ವಿದ್ಯಾರ್ಥಿಯ ಪುಸ್ತಕ-ಪ್ರಯಾಣಕ್ಕೆ 5,000. ಲಸಿಕೆ ಮತ್ತು ವಿಮೆ 3,000. ತಲೆಗೆ 92,000.

ಎರಡನೇ ಹಂತ, ಪದವಿಯ ಕೊನೆಯ ವರ್ಷ: ತಿಂಗಳಿಗೆ 2,000ದಂತೆ ಹತ್ತು ತಿಂಗಳು, ಅಂದರೆ 20,000, ಲ್ಯಾಪ್‌ಟಾಪ್ 45,000, ಚಳಿಗಾಲದಲ್ಲಿ ಅದೇ ಲ್ಯಾಬಿಗೆ ಎರಡು ವಾರದ ಮರುಭೇಟಿ 15,000. ತಲೆಗೆ 80,000.

ಮೂರನೇ ಹಂತ, ಪದವಿಯ ನಂತರ ಒಂದು ವರ್ಷ ಸಂಶೋಧನಾ ಸಹಾಯಕರಾಗಿ: ತಿಂಗಳಿಗೆ 25,000ದಂತೆ 3 ಲಕ್ಷ, ಸಾಮಗ್ರಿಗೆ 60,000. ತಲೆಗೆ 3.6 ಲಕ್ಷ. ಇದು ಎಲ್ಲರಿಗೂ ಬೇಕಾಗುವುದಿಲ್ಲ, ಅರ್ಧದಷ್ಟು ಮಂದಿ ನೇರವಾಗಿ ಎಂ.ಎಸ್ಸಿ.ಗೆ ಹೋಗುತ್ತಾರೆ ಎಂದಿಟ್ಟುಕೊಳ್ಳೋಣ.

ಎಂಟು ಮಂದಿಯ ಮೊದಲ ತಂಡಕ್ಕೆ ಮೊದಲೆರಡು ಹಂತ 13.76 ಲಕ್ಷ, ನಾಲ್ವರಿಗೆ ಮೂರನೆಯದು 14.4 ಲಕ್ಷ. ತಿಂಗಳಿಗೆ 40,000ದ ಒಬ್ಬ ಸಂಯೋಜಕರಿಗೆ ಮೂರು ವರ್ಷಕ್ಕೆ 14.4 ಲಕ್ಷ. ಒಟ್ಟು 42.56 ಲಕ್ಷ. ಉಳಿದದ್ದರಲ್ಲಿ ನಾಲ್ವರ ಎರಡನೇ ತಂಡ 14.08 ಲಕ್ಷಕ್ಕೆ ಮುಗಿಯುತ್ತದೆ. ಕೊನೆಗೆ 3.36 ಲಕ್ಷ ಉಳಿಯುತ್ತದೆ. ಅದು ತುರ್ತಿಗೆ ಮತ್ತು ಎರಡನೇ ತಂಡ ನಾಲ್ಕನೇ ವರ್ಷಕ್ಕೆ ಚಾಚಿದರೆ ಸಂಯೋಜಕರ ಅರೆಕಾಲಿಕ ವೇತನಕ್ಕೆ. ಎರಡನೇ ತಂಡವನ್ನೂ ಎಂಟಕ್ಕೇರಿಸುವ ಆಸೆ ಬರುತ್ತದೆ. ಮೊದಲೆರಡು ಹಂತಕ್ಕೆ ಹಣ ಸಾಲುತ್ತದೆ, ಮೂರನೆಯದಕ್ಕೆ ಉಳಿಯುವುದು ಒಬ್ಬರಿಗೆ ಸಾಲುವಷ್ಟು ಮಾತ್ರ. ಆ ತಪ್ಪು ಮಾಡಬೇಡಿ.

ಸಂಯೋಜಕರಿಗೆ ಇಷ್ಟೇಕೆ ಎಂದು ಟ್ರಸ್ಟಿಗಳು ಹುಬ್ಬೇರಿಸುವುದು ಖಂಡಿತ. ಎಂ.ಎಸ್ಸಿ., ಪಿಎಚ್‌.ಡಿ. ಪ್ರವೇಶ ಪರೀಕ್ಷೆಗಳೇ ಹಲವು. ಡಿಸೆಂಬರಿನ ಜೆಜಿಇಇಬಿಐಎಲ್‌ಎಸ್, ಫೆಬ್ರುವರಿಯ ಐಐಟಿ ಜಾಮ್, ಆಮೇಲೆ ಸಿಯುಇಟಿ-ಪಿಜಿ, ಗ್ಯಾಟ್-ಬಿ ಎಂದು ಒಂದೊಂದರ ಅರ್ಜಿಯ ಕೊನೆ ದಿನವೂ ಪರೀಕ್ಷೆಗೆ ಕೆಲವು ತಿಂಗಳು ಮೊದಲೇ ಬರುತ್ತದೆ. ಹನ್ನೆರಡು ಮಂದಿಗೂ ಅದನ್ನು ನೆನಪಿಸಿ, ಫೋಟೊ ಅಳತೆ ಸರಿಮಾಡಿಸಿ, ಶುಲ್ಕ ಕಟ್ಟಿಸಿ, ಮನೆಯವರ ಜೊತೆ ಮಾತಾಡಿ, ಲ್ಯಾಬಿನಲ್ಲಿ ಕಿರಿಕಿರಿಯಾದರೆ ಕೇಳಿಸಿಕೊಳ್ಳುವವರು ಇವರೇ. ಸಂಯೋಜಕರಿಲ್ಲದ ಕಾರ್ಯಕ್ರಮದಲ್ಲಿ ಈ ಕೆಲಸ ಯಾರದ್ದೂ ಅಲ್ಲದ ಕೆಲಸವಾಗಿ ನಿಂತುಹೋಗುತ್ತದೆ.

ವಿದ್ಯಾರ್ಥಿಯ ಹಣವನ್ನು ಸಂಸ್ಥೆಯ ಖಾತೆಯ ಮೂಲಕ ಕೊಡಬೇಡಿ, ಟ್ರಸ್ಟಿನಿಂದ ನೇರವಾಗಿ ಪ್ರತಿ ತಿಂಗಳ 1ನೇ ತಾರೀಕು ಹಾಕಿ. ಸಂಸ್ಥೆಗೆ ಹೋಗುವುದು ಸಾಮಗ್ರಿಯ ಹಣ ಮಾತ್ರ. ಅದಕ್ಕೆ ಬಳಕೆ ಪ್ರಮಾಣಪತ್ರ ಕೇಳಿ. ಸಂಸ್ಥೆಯ ಮೂಲಕ ಹೋದ ಸ್ಟೈಪೆಂಡ್ ಹಾಜರಿ ಪತ್ರ, ವಿಭಾಗದ ಸಹಿ, ಲೆಕ್ಕ ವಿಭಾಗ ಎಂದು ಸುತ್ತಿ ಬರುವ ಹೊತ್ತಿಗೆ ಎಂಟು ವಾರ ಮುಗಿದಿರುತ್ತದೆ. ವಸತಿಯ ಅಡ್ವಾನ್ಸನ್ನು ಟ್ರಸ್ಟೇ ಮುಂಗಡವಾಗಿ ಕಟ್ಟಬೇಕು. ‘ಮೊದಲು ಖರ್ಚು ಮಾಡಿ, ಬಿಲ್ ಕೊಟ್ಟರೆ ಹಣ ಕೊಡುತ್ತೇವೆ’ ಎನ್ನುವುದು ನೀವು ಕರೆಯುತ್ತಿರುವ ಮನೆಗಳಿಗೆ ಹೊಂದುವ ಮಾತಲ್ಲ. ಅಪ್ಪ ಕೈಸಾಲ ಮಾಡುತ್ತಾರೆ, ಇಲ್ಲವೇ ಮಗಳು ಬರುವುದಿಲ್ಲ. ಪಿಜಿ ಅಥವಾ ಹಾಸ್ಟೆಲ್ ಲ್ಯಾಬಿನ ಹತ್ತಿರವೇ ಇರಲಿ. ಕೆಂಗೇರಿಯಲ್ಲಿ ಬಾಡಿಗೆ ಕಡಿಮೆ ಎಂದು ಇಟ್ಟು ಜಿಕೆವಿಕೆಗೆ ಕಳಿಸಿದರೆ ದಿನದ ಮೂರು ನಾಲ್ಕು ಗಂಟೆ ರಸ್ತೆಯಲ್ಲೇ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸು ಉಚಿತ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಿಂದ ಹಳದಿ ಮೆಟ್ರೊ ಇದೆ. ಆದರೂ ಸಂಜೆ ಏಳರ ಮೇಲೆ ಮುಗಿಯುವ ಪ್ರಯೋಗಕ್ಕೆ ಹತ್ತಿರದ ವಸತಿಗೆ ಸಮನಾದದ್ದಿಲ್ಲ. ಸೇರುವ ಪತ್ರದಲ್ಲೇ ಸಂಸ್ಥೆಯ ಲೈಂಗಿಕ ಕಿರುಕುಳ ವಿರೋಧಿ ಆಂತರಿಕ ಸಮಿತಿಯ ಮತ್ತು ಪರಿಶಿಷ್ಟ ಜಾತಿ-ಪಂಗಡ ಘಟಕದ ಫೋನ್ ನಂಬರ್ ಬರೆದಿರಲಿ.

ವಿದ್ಯಾರ್ಥಿವೇತನದ ಇನ್ನೊಂದು ತೊಡಕು. ಎರಡು ವಿದ್ಯಾರ್ಥಿವೇತನ ಒಟ್ಟಿಗೆ ಪಡೆಯಬಾರದೆಂಬ ನಿಯಮವಿರುವ ಸರ್ಕಾರಿ ಯೋಜನೆಗಳಿವೆ. ನಿಮ್ಮ 2,000ದಿಂದ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ (ಎಸ್‌ಎಸ್‌ಪಿ) ಅವರು ಹಾಕಿದ ಅರ್ಜಿ ತಿರಸ್ಕೃತವಾದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಪ್ರತಿಯೊಬ್ಬರೂ ಈಗ ಯಾವ ಯೋಜನೆಯಲ್ಲಿದ್ದಾರೆ ಎಂದು ಕೇಳಿ, ಆ ನಿಯಮ ಓದಿ, ಬೇಕಿದ್ದಲ್ಲಿ ಪರೀಕ್ಷಾ ಶುಲ್ಕ ಅಥವಾ ಪ್ರಯಾಣವನ್ನು ಟ್ರಸ್ಟೇ ನೇರವಾಗಿ ಕಟ್ಟಲಿ. ಲ್ಯಾಪ್‌ಟಾಪ್ ಟ್ರಸ್ಟಿನ ಹೆಸರಲ್ಲೇ ಇರಲಿ, ಕೋರ್ಸ್ ಮುಗಿಯುವವರೆಗೆ ಎರವಲು.

ಕಾನೂನಿನ ಕಡೆ ಬರೋಣ. ಒಂದು ನಿರ್ದಿಷ್ಟ ಜಾತಿ ಅಥವಾ ಧರ್ಮದವರಿಗಷ್ಟೇ ಎಂದು ಬರೆದುಕೊಂಡ ಟ್ರಸ್ಟಿಗೆ ಆದಾಯ ತೆರಿಗೆ ಕಾನೂನಿನಲ್ಲಿ 80ಜಿ, ಅಂದರೆ ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ, ಸಿಗುವುದಿಲ್ಲ; ಆದರೆ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆ ಮತ್ತು ಮಕ್ಕಳಿಗಾಗಿ ಎಂಬುದಕ್ಕೆ ಈ ಅಡ್ಡಿಯಿಲ್ಲ. ನಿಮ್ಮ ಟ್ರಸ್ಟ್ ಡೀಡ್‌ನ ಭಾಷೆ ಇದಕ್ಕೆ ತಕ್ಕಂತಿದೆಯೇ ನೋಡಿಸಿ. ವರ್ಷದ ಆದಾಯದ ಶೇ. 85ನ್ನು ಆ ವರ್ಷವೇ ಬಳಸಬೇಕೆಂಬ ನಿಯಮ ನಿಮ್ಮ ‘ಕೊನೆಯ ವರ್ಷದ ಹಣ ಮೊದಲೇ’ ಎಂಬ ಪದ್ಧತಿಗೆ ಅಡ್ಡ ಬರುತ್ತದೆ. ಉದ್ದೇಶವನ್ನು ಸ್ಪಷ್ಟವಾಗಿ ಬರೆದು ನಿಗದಿತ ನಮೂನೆ ಸಲ್ಲಿಸಿ ಐದು ವರ್ಷದವರೆಗೆ ಕೂಡಿಡಲು ಅವಕಾಶವಿದೆ. ಗಡುವು ದಾಟಿದರೆ ತೆರಿಗೆ ಬೀಳುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್‌ಗಳ ಸಂಖ್ಯೆಗಳೆಲ್ಲ ಬದಲು, ಆದ್ದರಿಂದ ಆಡಿಟರ್ ಜೊತೆ ಕೂತು ಹೊಸ ಸಂಖ್ಯೆ ಹಾಕಿಸಿ.

ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ತೆಗೆದುಕೊಳ್ಳಲು ಟ್ರಸ್ಟಿಗೆ 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ ನೋಂದಣಿ, ಸಿಎಸ್‌ಆರ್-1 ಸಂಖ್ಯೆ ಮತ್ತು ಇಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಬೇಕು. ಕೊನೆಯದು ಇಲ್ಲದಿದ್ದರೆ ಅನುಭವವಿರುವ ಸಂಸ್ಥೆಯೊಂದರ ಮೂಲಕ ಹೋಗಿ. ಪ್ರಸ್ತಾವವನ್ನು ‘ಸಂಶೋಧನೆ’ ಎಂದು ಬರೆಯದೆ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯ ಶಿಕ್ಷಣ ಮತ್ತು ಅಸಮಾನತೆ ನಿವಾರಣೆಯ ಬಾಬ್ತಿನಲ್ಲಿ ಬರೆಯಿರಿ. ಸಂಶೋಧನೆಯ ಬಾಬ್ತಿಗೆ ಸರ್ಕಾರಿ ಸಂಸ್ಥೆಯೇ ಆಗಬೇಕೆಂಬಂಥ ಷರತ್ತುಗಳಿವೆ. ಕಂಪನಿಯ ಮಂಡಳಿ ಇದನ್ನು ಮೊದಲ ದಿನವೇ ‘ಮುಂದುವರಿಯುವ ಯೋಜನೆ’ ಎಂದು ನಿರ್ಣಯಿಸಬೇಕು. ಆಗ ಶುರುವಾದ ವರ್ಷ ಬಿಟ್ಟು ಮೂರು ವರ್ಷದವರೆಗೆ ಹಣ ಉಳಿಸಿ ಬಳಸಬಹುದು. ಇಲ್ಲವಾದರೆ ಮಾರ್ಚ್ ಬಂತೆಂದರೆ ‘ಬೇಗ ಖರ್ಚು ಮಾಡಿ’ ಎಂಬ ಫೋನು ಶುರುವಾಗಿ ಬೇಡದ ಕಾರ್ಯಾಗಾರಕ್ಕೆ ಹಣ ಹೋಗುತ್ತದೆ. ಶೇ. 5ರ ಆಡಳಿತ ವೆಚ್ಚದ ಮಿತಿಯನ್ನು ಸಂಯೋಜಕರ ಸಂಬಳಕ್ಕೆ ಅನ್ವಯಿಸಿ ಕತ್ತರಿ ಹಾಕುವುದು ಸಾಮಾನ್ಯ. ಆ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತದ ಖರ್ಚಿಗೆ, ಯೋಜನೆ ನಡೆಸುವವರ ಸಂಬಳಕ್ಕಲ್ಲ. ಇದನ್ನು ಬರವಣಿಗೆಯಲ್ಲೇ ಸ್ಪಷ್ಟಪಡಿಸಿಕೊಳ್ಳಿ.

ಅಮೆರಿಕದ ನೆಂಟರ ಪೈಕಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಸಾಮಾನ್ಯ ಬ್ಯಾಂಕ್ ಮಾರ್ಗದಲ್ಲಿ ತಮ್ಮ ಉಳಿತಾಯದಿಂದ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ, ವಿದೇಶಿ ಮೂಲವೇ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿಯಿಲ್ಲದೆ ಅವರಿಂದ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಅನುಮತಿ ಇದ್ದರೂ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ ಬರಬೇಕು, ಆಡಳಿತಕ್ಕೆ ಶೇ. 20 ಮೀರಬಾರದು, ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಲ್ಯಾಬಿನ ಸಾಮಗ್ರಿಯ ಹಣ ಈ ಕೊನೆಯ ನಿಯಮಕ್ಕೆ ಸಿಕ್ಕಿಬೀಳಬಹುದು. 60 ಲಕ್ಷದ ಕಾರ್ಯಕ್ರಮಕ್ಕೆ ಇಷ್ಟು ರಗಳೆ ಬೇಡ ಎಂಬುದು ನಮ್ಮ ಸಲಹೆ. ಅಂಥ ನೆಂಟರು ಸಂಶೋಧಕರೋ ಎಂಜಿನಿಯರರೋ ಆಗಿದ್ದರೆ ತಿಂಗಳಿಗೊಂದು ಗಂಟೆ ವಿದ್ಯಾರ್ಥಿಯ ಜೊತೆ ಕೂತು ಒಂದು ಸಂಶೋಧನಾ ಲೇಖನವನ್ನು ಚಿತ್ರದಿಂದ ಚಿತ್ರಕ್ಕೆ ಓದಿಸಲಿ.

ಮೂರು ವರ್ಷದ ಕೊನೆಗೆ ಏನನ್ನು ಎಣಿಸುತ್ತೀರಿ ಎಂಬುದನ್ನು ಈಗಲೇ ಬರೆದಿಡಿ. ಎಂ.ಎಸ್ಸಿ., ಪಿಎಚ್‌.ಡಿ. ಸೇರಿದವರು ಮಾತ್ರವಲ್ಲ, ಕ್ಲಿನಿಕಲ್ ಟ್ರಯಲ್ ಸಂಯೋಜಕರಾದವರು, ನೋಂದಣಿಯಲ್ಲಿ ಕೆಲಸಕ್ಕೆ ಸೇರಿದವರು, ಆಸ್ಪತ್ರೆಯ ದತ್ತಾಂಶ ನೋಡಿಕೊಳ್ಳುವವರು ಎಲ್ಲರೂ ಲೆಕ್ಕಕ್ಕೆ ಬರಬೇಕು. ಬಿಟ್ಟುಹೋದವರು ಯಾವ ತಿಂಗಳಲ್ಲಿ, ಯಾವ ಕಾರಣಕ್ಕೆ ಬಿಟ್ಟರು ಎಂಬ ಪುಸ್ತಕ ಸಂಯೋಜಕರ ಬಳಿ ಇರಲಿ. ಎರಡನೇ ತಂಡದ ಬಜೆಟ್ ತಿದ್ದಲು ಅದಕ್ಕಿಂತ ಒಳ್ಳೆಯ ದಾಖಲೆ ಸಿಗದು.

ಮುಂದಿನ ಬೇಸಿಗೆಗೇ ಮೊದಲ ತಂಡ ಬರಬೇಕೆಂದರೆ ಸಂಯೋಜಕರ ನೇಮಕ ಮತ್ತು ಎಂಟು ವಿಜ್ಞಾನಿಗಳ ಒಪ್ಪಿಗೆ ಅಕ್ಟೋಬರ್‌ನೊಳಗೆ, ಅರ್ಜಿ ಆಹ್ವಾನ ನವೆಂಬರ್‌ನಲ್ಲಿ, ಫೋನ್ ಸಂದರ್ಶನ ಡಿಸೆಂಬರ್ ಕೊನೆಗೆ, ಆಯ್ಕೆ ಪಟ್ಟಿ ಜನವರಿಯಲ್ಲಿ ಮುಗಿಯಬೇಕು. ಫೆಬ್ರುವರಿ ಮೊದಲ ವಾರ ಲಸಿಕೆಯ ಮೊದಲ ಡೋಸ್.